ಒಂದು ಕ್ವಾಂಟಮ್ ಗುಟ್ಟು, ಮೂರು ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಡಿಕೇರಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ಕೊಡಗಿನ ಕಾಲೇಜುಗಳಲ್ಲಿ, ಲೈಬ್ರರಿಗಳಲ್ಲಿ ಕ್ವಾಂಟಮ್ ವಿಷಯದ ಬಗ್ಗೆ ಮಾತಾಡುತ್ತಾ ಬಂದಿದ್ದೇನೆ. ಒಳ್ಳೆಯ ಪ್ರಶ್ನೆಗಳು ಬರುವುದು ಮಾತು ಮುಗಿದು ಎಲ್ಲರೂ ಕಾಫಿ ಲೋಟ ಹಿಡಿದು ನಿಂತಾಗ. ಕೆಲವರು ಆಮೇಲೆ ಕಾಗದ ಬರೆಯುತ್ತಾರೆ. ಕೆಲವರು ಮದುವೆ ಮನೆಯಲ್ಲಿ ಕೈ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಎಂಟ್ಯಾಂಗಲ್‌ಮೆಂಟ್ (ಕಣಗಳು ಒಂದಕ್ಕೊಂದು ಹೆಣೆದುಕೊಳ್ಳುವ ಗುಣ) ಬಳಸಿ ಹಲವರು ಒಂದು ಗುಟ್ಟನ್ನು ಹಂಚಿಕೊಳ್ಳುವುದರ ಬಗ್ಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಮೊದಲ ಹೆಜ್ಜೆ

ಮೇಡಂ, ಕ್ವಾಂಟಮ್ ಮಾಹಿತಿ ಅಂದ್ರೆ ನಮ್ಮ ಮೊಬೈಲಿನಲ್ಲಿರೋ ಮಾಹಿತಿಗಿಂತ ಬೇರೆನಾ?

ಬೇರೆ. ಮೊಬೈಲಿನಲ್ಲಿರುವುದು ಬಿಟ್. ಅದು 0 ಅಥವಾ 1. ನೋಡಿದರೆ ಕೆಡುವುದಿಲ್ಲ, ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ನೀವು ಒಂದು ಫೋಟೋವನ್ನು ಐವತ್ತು ಜನರಿಗೆ ಕಳಿಸಿದರೂ ನಿಮ್ಮ ಹತ್ತಿರ ಅದು ಹಾಗೇ ಇರುತ್ತದೆ, ಅಲ್ವಾ?

ಕ್ವಾಂಟಮ್ ಮಾಹಿತಿ ಇರುವುದು ಕ್ಯುಬಿಟ್‌ನಲ್ಲಿ. ಬೆಳಕಿನ ಒಂದೇ ಒಂದು ಕಣವನ್ನು, ಅಂದರೆ ಒಂದು ಫೋಟಾನನ್ನು ತೆಗೆದುಕೊಳ್ಳಿ. ಅದರ ಕಂಪನ ನೇರವಾಗಿ ನಿಂತಿದ್ದರೆ 0, ಅಡ್ಡವಾಗಿ ಮಲಗಿದ್ದರೆ 1 ಅನ್ನೋಣ. ಅದು ಓರೆಯಾಗಿಯೂ ಇರಬಹುದು. ಆಗ ಅದರಲ್ಲಿ 0 ಮತ್ತು 1 ಎರಡರ ಪಾಲೂ ಬೆರೆತಿರುತ್ತದೆ. ಎಷ್ಟು ಓರೆ ಎಂದು ಒಂದೇ ಫೋಟಾನ್ ನೋಡಿ ಹೇಳಲು ಆಗುವುದಿಲ್ಲ. ಅಳೆದ ಕೂಡಲೇ ಅದು ನೇರವೋ ಅಡ್ಡವೋ ಆಗಿಬಿಡುತ್ತದೆ. ಹಳೆಯ ಓರೆ ಅಲ್ಲಿಗೆ ಹೋಯಿತು. ಅದರ ನಕಲು ತೆಗೆಯುವುದೂ ಸಾಧ್ಯವಿಲ್ಲ. ಇದನ್ನು 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಒಂದು ಕಡೆ, ಡೀಕ್ಸ್ ಇನ್ನೊಂದು ಕಡೆ ತೋರಿಸಿದರು. ಮುಂದೆ ಬರುವ ಮುಕ್ಕಾಲು ಉತ್ತರಗಳು ಈ ನಿಯಮದ ಮೇಲೆಯೇ ನಿಂತಿವೆ.

ಎಂಟ್ಯಾಂಗಲ್‌ಮೆಂಟ್ ಅಂದ್ರೆ ಒಂದು ಜೊತೆ ಚಪ್ಪಲಿಯಲ್ಲಿ ಎಡಗಾಲಿನದ್ದು ಮಡಿಕೇರಿಗೆ, ಬಲಗಾಲಿನದ್ದು ವಿರಾಜಪೇಟೆಗೆ ಹೋದ ಹಾಗೆ ಅಲ್ವಾ?

ಈ ಹೋಲಿಕೆ ಅರ್ಧ ದಾರಿ ಬರುತ್ತದೆ, ಆಮೇಲೆ ಕೈಬಿಡುತ್ತದೆ. ಮಡಿಕೇರಿಯ ಡಬ್ಬ ತೆರೆದು ಎಡಗಾಲಿನದ್ದು ಕಂಡರೆ ವಿರಾಜಪೇಟೆಯಲ್ಲಿರುವುದು ಬಲಗಾಲಿನದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಅಷ್ಟು ಸರಿ. ಆದರೆ ಚಪ್ಪಲಿ ಎಡದ್ದೋ ಬಲದ್ದೋ ಎಂಬುದು ಡಬ್ಬಕ್ಕೆ ಹಾಕಿದಾಗಲೇ ತೀರ್ಮಾನವಾಗಿತ್ತು. ಹೆಣೆದುಕೊಂಡ ಫೋಟಾನುಗಳಲ್ಲಿ ಹಾಗೆ ತೀರ್ಮಾನವಾಗಿರುವುದಿಲ್ಲ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಬರೀ ಗೊಂದಲ. ಎರಡರ ಉತ್ತರವನ್ನು ಪಕ್ಕಪಕ್ಕ ಇಟ್ಟಾಗಲೇ ಹೊಂದಾಣಿಕೆ ಕಾಣುತ್ತದೆ, ಅದೂ ಯಾವ ಕೋನದಲ್ಲಿ ಅಳೆದರೂ.

ಶ್ರೋಡಿಂಗರ್ 1935ರಲ್ಲಿ ಇದಕ್ಕೆ ಹೆಸರಿಟ್ಟರು. 1964ರಲ್ಲಿ ಜಾನ್ ಬೆಲ್ ಒಂದು ಲೆಕ್ಕ ಕೊಟ್ಟರು. ಉತ್ತರಗಳನ್ನು ಚಪ್ಪಲಿಯ ಹಾಗೆ ಮೊದಲೇ ತುಂಬಿ ಕಳಿಸಿದ್ದರೆ ಹೊಂದಾಣಿಕೆ ಇಷ್ಟನ್ನು ಮೀರಬಾರದು ಎಂದು ಅದು ಹೇಳುತ್ತದೆ. ಪ್ರಯೋಗದಲ್ಲಿ ಹೊಂದಾಣಿಕೆ ಆ ಮಿತಿಯನ್ನು ಮೀರಿತು. ಈ ಪ್ರಯೋಗಗಳಿಗಾಗಿ ಅಲೆನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ನಾನು ಕ್ಲಾಸಿನಲ್ಲಿ ಎಂಟ್ಯಾಂಗಲ್‌ಮೆಂಟನ್ನು ‘ಹೆಣಿಗೆ’ ಎನ್ನುತ್ತೇನೆ. ಇಲ್ಲೂ ಹಾಗೇ ಬರೆಯುತ್ತೇನೆ.

ಹಾಗಾದ್ರೆ ಮಳೆಗಾಲದಲ್ಲಿ ಟವರ್ ಹೋದಾಗ ಈ ಹೆಣಿಗೆಯಿಂದಲೇ ಸುದ್ದಿ ಕಳಿಸಬಹುದಾ?

ಆಗುವುದಿಲ್ಲ. ಜುಲೈಯಲ್ಲಿ ವಾರಗಟ್ಟಲೆ ಕರೆಂಟೂ ಇಲ್ಲದೆ, ಫೋನೂ ಇಲ್ಲದೆ ಕೂತವರು ಇದನ್ನು ಕೇಳಿದಾಗ ‘ಆಗುತ್ತೆ’ ಎನ್ನಲು ನನಗೂ ಆಸೆ. ಆದರೆ ನಿಮ್ಮ ಕಣವನ್ನು ಅಳೆದಾಗ 0 ಬರಬೇಕೋ 1 ಬರಬೇಕೋ ಎಂಬುದು ನಿಮ್ಮ ಕೈಯಲ್ಲಿಲ್ಲ. ಆಚೆ ಊರಿನವರಿಗೂ ಬರೀ ಅಡ್ಡಾದಿಡ್ಡಿ ಉತ್ತರಗಳೇ ಕಾಣುತ್ತವೆ. ನೀವು ಅಳೆದಿರೋ ಇಲ್ಲವೋ ಎಂಬುದು ಕೂಡ ಅವರಿಗೆ ಗೊತ್ತಾಗುವುದಿಲ್ಲ. ಎರಡೂ ಕಡೆಯ ಪಟ್ಟಿಯನ್ನು ಹೋಲಿಸಿದರೆ ಮಾತ್ರ ಹೊಂದಾಣಿಕೆ ಕಾಣುವುದು. ಹೋಲಿಸಲು ಫೋನೋ ಕಾಗದವೋ ಬೇಕೇ ಬೇಕು.

## ಹಂಚುವುದು ಎಂದರೆ ಏನು

ಗುಟ್ಟನ್ನು ಹಂಚಿಬಿಟ್ರೆ ಅದು ಗುಟ್ಟಾಗಿ ಉಳಿಯೋದು ಹೇಗೆ?

ಐನ್‌ಮನೆಯ (ಕೊಡವ ಮನೆತನದ ಮೂಲ ಮನೆಯ) ಹಳೇ ಪೆಟ್ಟಿಗೆ ನೆನಪಿಸಿಕೊಳ್ಳಿ. ಒಕ್ಕದ, ಅಂದರೆ ಆ ಮನೆತನದ ಪತ್ರಗಳು ಅದರಲ್ಲಿವೆ. ಯಾರೋ ಒಬ್ಬರೇ ಹೋಗಿ ತೆಗೆಯಬಾರದು, ಆದರೆ ಒಬ್ಬರು ಊರಲ್ಲಿಲ್ಲ ಎಂದು ಕೆಲಸವೂ ನಿಲ್ಲಬಾರದು. ಮೂವರಲ್ಲಿ ಯಾರಾದರೂ ಇಬ್ಬರು ಸೇರಿದರೆ ಸಾಕು ಎನ್ನುವ ಬೀಗ ಬೇಕು. ಗುಟ್ಟು ಹಂಚುವುದು ಎಂದರೆ ಇದು.

ಆದಿ ಶಮಿರ್ ಮತ್ತು ಜಾರ್ಜ್ ಬ್ಲೇಕ್ಲಿ 1979ರಲ್ಲಿ ಬೇರೆ ಬೇರೆಯಾಗಿ ಇದಕ್ಕೆ ಲೆಕ್ಕದ ದಾರಿ ಕಂಡುಕೊಂಡರು. ಗುಟ್ಟಿನ ಅಂಕಿ 7 ಅಂತಿಟ್ಟುಕೊಳ್ಳಿ. ನಾನು ಯಾರಿಗೂ ಹೇಳದೆ ಇನ್ನೊಂದು ಅಂಕಿ ಆರಿಸುತ್ತೇನೆ, 3 ಎನ್ನಿ. ಮೊದಲನೆಯವರಿಗೆ 10, ಎರಡನೆಯವರಿಗೆ 13, ಮೂರನೆಯವರಿಗೆ 16 ಕೊಡುತ್ತೇನೆ. ಮೊದಲಿನ ಇಬ್ಬರು ಸೇರಿದರೆ ಅಂತರ 3 ಎಂದು ಗೊತ್ತಾಗುತ್ತದೆ. ಒಂದು ಹೆಜ್ಜೆ ಹಿಂದೆ ಹೋದರೆ 7 ಸಿಗುತ್ತದೆ. ಉಳಿದ ಜೋಡಿಗಳಿಗೂ ಹೀಗೇ. ಒಬ್ಬರೇ ಕೂತು 13ನ್ನು ಎಷ್ಟು ಹೊತ್ತು ನೋಡಿದರೂ ಏನೂ ಹೊರಡುವುದಿಲ್ಲ. ನಿಜವಾದ ಬಳಕೆಯಲ್ಲಿ ಅಂಕಿಗಳನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತಿಸುತ್ತಾರೆ. ಹಾಗಾಗಿ ಗುಟ್ಟು ದೊಡ್ಡದೋ ಚಿಕ್ಕದೋ ಎಂಬ ಸುಳಿವೂ ಸಿಗುವುದಿಲ್ಲ.

ಇಲ್ಲಿ ಯಾರಿಗೂ ಗುಟ್ಟಿನ ತುಂಡು ಸಿಕ್ಕಿಲ್ಲ ಎಂಬುದನ್ನು ಗಮನಿಸಿ. ಸಿಕ್ಕಿರುವುದು ಬೇರೆಯವರ ಅಂಕಿಯ ಜೊತೆ ಸೇರಿದಾಗ ಮಾತ್ರ ಅರ್ಥ ಬರುವ ಒಂದು ಅಂಕಿ. ಗುಟ್ಟು ಇರುವುದು ಅವರ ನಡುವೆ. ಹಲವರ ಹೆಣಿಗೆಯಲ್ಲೂ ಇದೇ ನಡೆಯುತ್ತದೆ.

ಕ್ವಾಂಟಮ್ ಗುಟ್ಟಿಗೂ ಇದೇ ಲೆಕ್ಕ ಸಾಲದಾ?

ಸಾಲದು. ಈ ಲೆಕ್ಕ ಮಾಡಲು 7 ಎಂಬ ಅಂಕಿ ನನಗೆ ಗೊತ್ತಿರಬೇಕು. ಕ್ಯುಬಿಟ್‌ನ ಓರೆ ಎಷ್ಟು ಎಂದು ಅದರ ಯಜಮಾನರಿಗೇ ಗೊತ್ತಿರದೆ ಇರಬಹುದು. ತಿಳಿಯಲು ಹೋದರೆ ಅದು ಕೆಡುತ್ತದೆ.

ಎರಡು ಬೇರೆ ಕೆಲಸಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಮಾಮೂಲಿ ಗುಟ್ಟನ್ನು, ಉದಾಹರಣೆಗೆ ಒಂದು ಪಾಸ್‌ವರ್ಡನ್ನು, ಕದ್ದು ಕೇಳುವವರಿಗೆ ಸಿಗದ ಹಾಗೆ ಹೆಣಿಗೆಯಿಂದ ಹಂಚುವುದು ಒಂದು. ಕ್ವಾಂಟಮ್ ಸ್ಥಿತಿಯನ್ನೇ ಹಂಚುವುದು ಇನ್ನೊಂದು. ಹಿಲರಿ, ಬುಜೆಕ್ ಮತ್ತು ಬರ್ಥಿಯೋಮ್ 1999ರಲ್ಲಿ ಎರಡಕ್ಕೂ ಮೂರು ಕಣಗಳ ಹೆಣಿಗೆ ಬಳಸಿ ದಾರಿ ತೋರಿಸಿದರು. ಅದೇ ವರ್ಷ ಕ್ಲೀವ್, ಗಾಟ್ಸ್‌ಮನ್ ಮತ್ತು ಲೋ ‘ಇಷ್ಟು ಜನರಲ್ಲಿ ಇಷ್ಟು ಜನ ಸೇರಿದರೆ ಸಾಕು’ ಎನ್ನುವ ಕ್ವಾಂಟಮ್ ಬೀಗದ ನಿಯಮಗಳನ್ನು ಕೊಟ್ಟರು.

ಮೂವರಿಗೂ ಒಂದೇ ಹೆಣಿಗೆ ಯಾಕೆ? ಇಬ್ಬಿಬ್ಬರನ್ನು ಜೋಡಿಸುತ್ತಾ ಹೋದರೆ ಆಗಲ್ವಾ?

ಜೋಡಿ ಹೆಣಿಗೆಗಳಿಂದಲೂ ಕೆಲಸ ಆಗುತ್ತದೆ. ಒಬ್ಬರು ತಮ್ಮ ಮೇಜಿನ ಮೇಲೆಯೇ ಮೂರರ ಹೆಣಿಗೆ ಮಾಡಿ, ಎರಡು ಕಣಗಳ ಸ್ಥಿತಿಯನ್ನು ಜೋಡಿ ಹೆಣಿಗೆಯ ಮೂಲಕ ಉಳಿದಿಬ್ಬರಿಗೆ ಮುಟ್ಟಿಸಬಹುದು. ಆದರೆ ಕೊನೆಗೆ ಬೇಕಾಗುವುದು ಮೂರರ ಹೆಣಿಗೆಯ ಗುಣವೇ.

ಇದರಲ್ಲಿ ಹೆಸರುವಾಸಿಯಾದದ್ದು 1989ರಲ್ಲಿ ಗ್ರೀನ್‌ಬರ್ಗರ್, ಹಾರ್ನ್ ಮತ್ತು ಝೈಲಿಂಗರ್ ಮುಂದಿಟ್ಟ ಸ್ಥಿತಿ. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಜಿಎಚ್‌ಜೆಡ್ ಎನ್ನುತ್ತಾರೆ. ‘ಮೂರೂ 0’ ಮತ್ತು ‘ಮೂರೂ 1’ ಎಂಬ ಎರಡು ಸಾಧ್ಯತೆಗಳು ಸಮಪಾಲಿನಲ್ಲಿ ಬೆರೆತ ಸ್ಥಿತಿ ಅದು. 000 + 111 ಎಂದು ಬರೆಯೋಣ. ಮೂವರಲ್ಲಿ ಒಬ್ಬರು ಕಣ ಕಳೆದುಕೊಂಡರೆ ಉಳಿದಿಬ್ಬರ ನಡುವೆ ಹೆಣಿಗೆಯೇ ಉಳಿಯುವುದಿಲ್ಲ. ಮೂವರೂ ಇದ್ದರೆ ಎಲ್ಲ ಇದೆ. ಗುಟ್ಟು ಕಾಯುವುದಕ್ಕೆ ಬೇಕಾದದ್ದು ಇಂಥದ್ದೇ ಅಲ್ವಾ?

ಜಿಎಚ್‌ಜೆಡ್ ನೋಡಿದರೆ ಮೈ ಜುಮ್ಮೆನ್ನುತ್ತೆ ಅಂತೀರಲ್ಲ, ಆ ಲೆಕ್ಕ ಒಮ್ಮೆ ತೋರಿಸಿ.

ಸಂತೋಷವಾಗಿ ತೋರಿಸುತ್ತೇನೆ. ಪೇಪರ್, ಪೆನ್ನು ತೆಗೆದುಕೊಳ್ಳಿ.

ಮಡಿಕೇರಿಯಲ್ಲಿ ದೇಚಮ್ಮ, ವಿರಾಜಪೇಟೆಯಲ್ಲಿ ಪೊನ್ನಪ್ಪ, ಕುಶಾಲನಗರದಲ್ಲಿ ಬೋಪಣ್ಣ. ಮೂವರ ಹತ್ತಿರವೂ ಜಿಎಚ್‌ಜೆಡ್ ಹೆಣಿಗೆಯ ಒಂದೊಂದು ಕಣ. ಪ್ರತಿಯೊಬ್ಬರೂ ಎರಡು ಬಗೆಯ ಅಳತೆಗಳಲ್ಲಿ ಒಂದನ್ನು ಮಾಡಬಹುದು. ಒಂದಕ್ಕೆ ಎಕ್ಸ್, ಇನ್ನೊಂದಕ್ಕೆ ವೈ ಎನ್ನೋಣ. ಯಾವುದನ್ನು ಮಾಡಿದರೂ ಉತ್ತರ +1 ಅಥವಾ −1. ಕ್ವಾಂಟಮ್ ನಿಯಮ ಹೇಳುವುದು ಇಷ್ಟು: ಇಬ್ಬರು ವೈ, ಒಬ್ಬರು ಎಕ್ಸ್ ಅಳೆದರೆ ಮೂರು ಉತ್ತರಗಳ ಗುಣಲಬ್ಧ ಯಾವಾಗಲೂ −1. ಮೂವರೂ ಎಕ್ಸ್ ಅಳೆದರೆ ಗುಣಲಬ್ಧ ಯಾವಾಗಲೂ +1.

ಈಗ ಚಪ್ಪಲಿಯ ಕಡೆಯವರ ಮಾತು ಕೇಳೋಣ. ಪ್ರತಿ ಕಣವೂ ಎಕ್ಸ್‌ಗೆ ಒಂದು ಉತ್ತರ, ವೈಗೆ ಒಂದು ಉತ್ತರ ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿದೆ ಎನ್ನುತ್ತಾರೆ ಅವರು. ಆಯಿತು, ಒಪ್ಪೋಣ. ‘ಇಬ್ಬರು ವೈ, ಒಬ್ಬರು ಎಕ್ಸ್’ ಎಂಬುದು ಮೂರು ಬಗೆಯಲ್ಲಿ ಬರುತ್ತದೆ, ಏಕೆಂದರೆ ಎಕ್ಸ್ ಅಳೆಯುವವರು ಮೂವರಲ್ಲಿ ಯಾರಾದರೂ ಆಗಬಹುದು. ಮೂರರಲ್ಲೂ ಗುಣಲಬ್ಧ −1. ಆ ಮೂರನ್ನೂ ಒಂದಕ್ಕೊಂದು ಗುಣಿಸಿ, −1 ಬರುತ್ತದೆ. ಈ ದೊಡ್ಡ ಗುಣಾಕಾರದಲ್ಲಿ ಪ್ರತಿಯೊಬ್ಬರ ವೈ ಉತ್ತರ ಎರಡೆರಡು ಸಲ ಬಂದಿದೆ. +1 ಇರಲಿ, −1 ಇರಲಿ, ತನ್ನನ್ನೇ ತಾನು ಗುಣಿಸಿಕೊಂಡರೆ 1. ಹಾಗಾಗಿ ವೈಗಳೆಲ್ಲ ಹೊಡೆದುಹೋದವು. ಉಳಿದದ್ದು ಮೂವರ ಎಕ್ಸ್. ಅವುಗಳ ಗುಣಲಬ್ಧ −1 ಆಗಲೇಬೇಕು.

ಆದರೆ ನಿಯಮ +1 ಎನ್ನುತ್ತದೆ. ಅಲ್ಲೊಂದು ಇಲ್ಲೊಂದು ಸಲ ಅಲ್ಲ, ಪ್ರತಿ ಸಲವೂ! ಜೇಬಿನಲ್ಲಿ ಮೊದಲೇ ಉತ್ತರ ಇತ್ತು ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಬೆಲ್ ಅವರ ಲೆಕ್ಕಕ್ಕೆ ಸಾವಿರಾರು ಅಳತೆಗಳ ಸರಾಸರಿ ಬೇಕು. ಇಲ್ಲಿ ಏಳನೇ ಕ್ಲಾಸಿನ ಗುಣಾಕಾರ ಸಾಕು. ಮೊದಲ ಸಲ ಇದನ್ನು ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಮಗೂ ಹಾಗೇ ಆಗಲಿ ಎಂದು ನನ್ನ ಆಸೆ.

ಈ ಎಕ್ಸ್, ವೈ ಆಟದಿಂದ ಗುಟ್ಟು ಹಂಚೋದು ಹೇಗೆ? ಒಂದೊಂದೇ ಹೆಜ್ಜೆ ಹೇಳಿ.

ದೇಚಮ್ಮನಿಗೆ ಇಬ್ಬರು ಮೊಮ್ಮಕ್ಕಳು, ಪೊನ್ನಪ್ಪ ಮತ್ತು ಬೋಪಣ್ಣ. ಇಬ್ಬರೂ ಒಟ್ಟಿಗೆ ಕೂತಾಗ ಮಾತ್ರ ತೆರೆಯುವ ಕೀಲಿ ಕೊಡಬೇಕು ಎಂದು ಅವರ ಇಚ್ಛೆ.

ಮೂವರೂ ಜಿಎಚ್‌ಜೆಡ್ ಕಣಗಳನ್ನು ಹಂಚಿಕೊಳ್ಳುತ್ತಾರೆ. ಒಂದಲ್ಲ, ಸಾವಿರಾರು. ಪ್ರತಿ ಸುತ್ತಿನಲ್ಲೂ ಪ್ರತಿಯೊಬ್ಬರೂ ಸುಮ್ನೆ ಮನಸ್ಸಿಗೆ ಬಂದ ಹಾಗೆ ಎಕ್ಸ್ ಅಥವಾ ವೈ ಅಳೆಯುತ್ತಾರೆ. ಆಮೇಲೆ ಫೋನಿನಲ್ಲಿ ‘ನಾನು ಎಕ್ಸ್ ಮಾಡಿದೆ’, ‘ನಾನು ವೈ ಮಾಡಿದೆ’ ಎಂದು ಹೇಳುತ್ತಾರೆ. ಉತ್ತರವನ್ನು ಬಾಯಿ ಬಿಡುವುದಿಲ್ಲ. ಮೂವರೂ ಎಕ್ಸ್, ಅಥವಾ ಇಬ್ಬರು ವೈ ಒಬ್ಬರು ಎಕ್ಸ್ ಆಗಿದ್ದರೆ ಆ ಸುತ್ತನ್ನು ಇಟ್ಟುಕೊಳ್ಳುತ್ತಾರೆ. ಉಳಿದದ್ದನ್ನು ಬಿಡುತ್ತಾರೆ. ಎಂಟು ಸಾಧ್ಯತೆಗಳಲ್ಲಿ ನಾಲ್ಕು ಉಪಯೋಗಕ್ಕೆ ಬರುತ್ತವೆ, ಅಂದರೆ ಸರಿಯಾಗಿ ಅರ್ಧ.

ಇಟ್ಟುಕೊಂಡ ಸುತ್ತಿನಲ್ಲಿ ಗುಣಲಬ್ಧ ಏನಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಪೊನ್ನಪ್ಪ, ಬೋಪಣ್ಣ ತಮ್ಮ ಉತ್ತರಗಳನ್ನು ಸೇರಿಸಿದರೆ ಅಜ್ಜಿಯ ಉತ್ತರ ಸಿಕ್ಕೇ ಸಿಗುತ್ತದೆ. ಒಬ್ಬನೇ ಕೂತರೆ ಅದು ನಾಣ್ಯ ಚಿಮ್ಮಿದ ಹಾಗೆ, ಐವತ್ತಕ್ಕೆ ಐವತ್ತು. ಹೀಗೆ ಸಿಕ್ಕ +1, −1ಗಳ ಸಾಲೇ ಕೀಲಿ. ಅಜ್ಜಿ ಆ ಕೀಲಿಯಿಂದ ತಮ್ಮ ಸಂದೇಶಕ್ಕೆ ಬೀಗ ಹಾಕಿ ಮಾಮೂಲಿ ಈಮೇಲಿನಲ್ಲೇ ಕಳಿಸಬಹುದು.

ಇನ್ನೊಂದು ಕೆಲಸ ಬಾಕಿ. ಕೆಲವು ಸುತ್ತುಗಳನ್ನು ಆರಿಸಿ ಅವುಗಳ ಉತ್ತರವನ್ನು ಬಹಿರಂಗವಾಗಿ ಹೋಲಿಸಬೇಕು. ದಾರಿಯಲ್ಲಿ ಯಾರಾದರೂ ಕಣಗಳಿಗೆ ಕೈ ಹಾಕಿದ್ದರೆ ಗುಣಲಬ್ಧ ಅಲ್ಲಲ್ಲಿ ತಪ್ಪುತ್ತದೆ. ತಪ್ಪು ಜಾಸ್ತಿ ಕಂಡರೆ ಎಲ್ಲವನ್ನೂ ಎಸೆದು ಮತ್ತೆ ಶುರು ಮಾಡಬೇಕು. ಗುಟ್ಟು ಇನ್ನೂ ಕಳಿಸಿಲ್ಲವಾದ್ದರಿಂದ ನಷ್ಟವಿಲ್ಲ.

ಅಜ್ಜಿ ಹತ್ತಿರ ಇರೋದೇ ಒಂದು ಕ್ಯುಬಿಟ್ ಆದರೆ? ಅದನ್ನೇ ಇಬ್ಬರಿಗೆ ಹೇಗೆ ಹಂಚ್ತಾರೆ?

ಇಲ್ಲಿ ಟೆಲಿಪೋರ್ಟೇಶನ್ ಬರುತ್ತದೆ. ಬೆನೆಟ್, ಬ್ರಸಾರ್ ಮತ್ತು ಸಂಗಡಿಗರು ಅದನ್ನು 1993ರಲ್ಲಿ ಮುಂದಿಟ್ಟರು. ಹೆಸರು ಕೇಳಿ ಹೆದರಬೇಡಿ, ವಸ್ತು ಹಾರಿಹೋಗುವುದಿಲ್ಲ. ಒಂದು ಕಣದ ಸ್ಥಿತಿ ಹೆಣಿಗೆಯ ಮೂಲಕ ಇನ್ನೊಂದು ಕಣಕ್ಕೆ ಬಂದು ಕೂರುತ್ತದೆ, ಮೊದಲಿನದು ಅಳಿಸಿಹೋಗುತ್ತದೆ.

ಅಜ್ಜಿ ತಮ್ಮ ಗುಟ್ಟಿನ ಕ್ಯುಬಿಟನ್ನೂ ಜಿಎಚ್‌ಜೆಡ್‌ನ ತಮ್ಮ ಕಣವನ್ನೂ ಒಟ್ಟಿಗೆ ಅಳೆಯುತ್ತಾರೆ. ಎರಡು ಬಿಟ್‌ನ ಉತ್ತರ ಬರುತ್ತದೆ. ಆ ಕ್ಷಣದಿಂದ ಗುಟ್ಟು ಮೊಮ್ಮಕ್ಕಳಿಬ್ಬರ ಕಣಗಳ ಮೇಲೆ ಹರಡಿಕೊಂಡಿದೆ. ಬೋಪಣ್ಣನ ಹತ್ತಿರ ಅದು ಪೂರ್ತಿಯಾಗಿ ಬರಬೇಕಾದರೆ ಪೊನ್ನಪ್ಪ ತನ್ನ ಕಣಕ್ಕೆ ಎಕ್ಸ್ ಅಳತೆ ಮಾಡಿ ಉತ್ತರ ಹೇಳಬೇಕು. ಅಜ್ಜಿಯ ಎರಡು ಬಿಟ್ಟೂ ಬೇಕು. ಮೂರು ಬಿಟ್ ಕೈಸೇರಿದ ಮೇಲೆ ಬೋಪಣ್ಣ ತನ್ನ ಕಣವನ್ನು ಬೇಕಾದಷ್ಟು ತಿರುಗಿಸಿಕೊಂಡರೆ ಅಜ್ಜಿಯ ಕ್ಯುಬಿಟ್ ಅಲ್ಲಿರುತ್ತದೆ. ಪೊನ್ನಪ್ಪನಿಗೇ ಬೇಕಿದ್ದರೆ ಬೋಪಣ್ಣ ಅಳೆಯಬೇಕು. ಇಬ್ಬರಿಗೂ ಸಿಗುವುದು ಸಾಧ್ಯವಿಲ್ಲ.

ಇದರಲ್ಲೊಂದು ಸಣ್ಣ ಸೋರಿಕೆ ಇದೆ, ಅದನ್ನು ಮುಚ್ಚಿಡಬಾರದು. ಅಜ್ಜಿ ತಮ್ಮ ಎರಡೂ ಬಿಟ್ ಹೇಳಿದ ಮೇಲೆ, ಪೊನ್ನಪ್ಪ ಒಬ್ಬನೇ ತನ್ನ ಕಣ ಅಳೆದರೆ ಗುಟ್ಟಿನಲ್ಲಿ 0ಯ ಪಾಲು ಎಷ್ಟು, 1ರ ಪಾಲು ಎಷ್ಟು ಎಂಬುದರ ಸುಳಿವು ಸಿಗುತ್ತದೆ. ಎರಡೂ ಹೇಗೆ ಬೆರೆತಿವೆ ಎಂಬುದು ಸಿಗುವುದಿಲ್ಲ. ಒಂದು ಚೂರೂ ಸೋರದ ಬೀಗ ಬೇಕಾದರೆ ಬೇರೆ ಹೆಣಿಗೆ ಬೇಕು. ಅದು ಕೊನೆಯ ಭಾಗದಲ್ಲಿದೆ.

## ನಮ್ಮೂರಿಗೆ ಬರುತ್ತಾ

ಮಡಿಕೇರಿಯಿಂದ ಬೆಂಗಳೂರಿಗೆ ಫೈಬರ್ ಕೇಬಲ್ ಇದೆಯಲ್ಲ, ಅದರಲ್ಲೇ ಈ ಕಣಗಳನ್ನು ಕಳಿಸಬಹುದಾ?

ಕಳಿಸಬಹುದು, ತಲುಪುವುದು ಕಷ್ಟ. ಒಳ್ಳೆಯ ಫೈಬರಿನಲ್ಲೂ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಬೆಳಕು ಕಳೆದುಹೋಗುತ್ತದೆ. ಹೆಚ್ಚುಕಡಿಮೆ ಪ್ರತಿ 15 ಕಿಲೋಮೀಟರಿಗೆ ಅರ್ಧ ಫೋಟಾನುಗಳು ಹೋದವು ಎಂದಿಟ್ಟುಕೊಳ್ಳಿ. ಬೆಂಗಳೂರಿಗೆ 250 ಕಿಲೋಮೀಟರ್ ಕೇಬಲ್ ಎಂದರೆ ಲಕ್ಷ ಫೋಟಾನ್ ಹೊರಟರೆ ಒಂದು ತಲುಪುತ್ತದೆ. ಮಾಮೂಲಿ ಇಂಟರ್‌ನೆಟ್‌ಗೆ ದಾರಿಯಲ್ಲಿ ಬೆಳಕನ್ನು ಹಿಗ್ಗಿಸುವ ಆಂಪ್ಲಿಫೈಯರ್ ಇಡುತ್ತಾರೆ. ಕ್ಯುಬಿಟನ್ನು ಹಾಗೆ ಹಿಗ್ಗಿಸುವುದೆಂದರೆ ನಕಲು ಮಾಡಿದ ಹಾಗೆ, ಅದಂತೂ ಆಗದು.

ಕೊಡಗಿನ ಒಳಗೆ ಲೆಕ್ಕ ಬೇರೆ. ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿಲೋಮೀಟರ್, ಕುಶಾಲನಗರಕ್ಕೂ ಹೆಚ್ಚುಕಡಿಮೆ ಅಷ್ಟೇ. ಪ್ರತಿ ದಾರಿಯಲ್ಲೂ ನಾಲ್ಕರಲ್ಲಿ ಒಂದು ತಲುಪಬಹುದು. ದೇಚಮ್ಮನ ಮೂರರ ಹೆಣಿಗೆಗೆ ಎರಡು ಫೋಟಾನುಗಳೂ ತಲುಪಬೇಕು, ಹಾಗಾಗಿ ಹದಿನಾರರಲ್ಲಿ ಒಂದು. ಕಷ್ಟ, ಆದರೆ ಕೈಮೀರಿದ್ದಲ್ಲ.

ಗುಟ್ಟಿನ ಕ್ಯುಬಿಟನ್ನೇ ನೇರವಾಗಿ ದಾರಿಗೆ ಬಿಡದೆ ಮೊದಲು ಹೆಣಿಗೆ ಹಂಚುವುದು ಯಾಕೆ ಎಂದು ಈಗ ಗೊತ್ತಾಗಿರಬೇಕು. ಹೆಣಿಗೆಯ ಕಣ ದಾರಿಯಲ್ಲಿ ಕಳೆದರೆ ಇನ್ನೊಂದು ಕಳಿಸಬಹುದು. ಗುಟ್ಟಿಗೆ ನಕಲಿಲ್ಲ. ಅದು ಒಮ್ಮೆ ಕಳೆದರೆ ಹೋಯಿತು.

ದೂರದ ಊರಿಗೆ ಎರಡು ಉಪಾಯಗಳಿವೆ. ನಡುನಡುವೆ ಠಾಣೆ ಮಾಡಿ, ಚಿಕ್ಕ ಹೆಣಿಗೆಗಳನ್ನು ಒಂದಕ್ಕೊಂದು ಜೋಡಿಸುತ್ತಾ ಉದ್ದ ಮಾಡುವುದು ಒಂದು. ಅದಕ್ಕೆ ಕಣವನ್ನು ಕೆಡದಂತೆ ಕಾಯುವ ಮೆಮೊರಿ ಬೇಕು. ಆ ಕೆಲಸ ಇನ್ನೂ ಲ್ಯಾಬಿನಲ್ಲೇ ನಡೆಯುತ್ತಿದೆ. ಇನ್ನೊಂದು ಉಪಗ್ರಹ. ಚೀನಾ 2016ರಲ್ಲಿ ಹಾರಿಸಿದ ಮಿಶಿಯಸ್ ಉಪಗ್ರಹದಿಂದ 1200 ಕಿಲೋಮೀಟರ್ ದೂರದ ಎರಡು ಜಾಗಗಳಿಗೆ ಹೆಣೆದ ಫೋಟಾನುಗಳನ್ನು ಇಳಿಸಿದ್ದು 2017ರಲ್ಲಿ ವರದಿಯಾಯಿತು. ಮೇಲೆ ಗಾಳಿಯೇ ಇಲ್ಲದ ಕಾರಣ ನಷ್ಟ ಕಡಿಮೆ. ಆದರೆ ಮೋಡ, ಮಂಜು ಇದ್ದರೆ ಬೆಳಕು ಇಳಿಯುವುದಿಲ್ಲ. ರಾಜಾಸೀಟಿನಲ್ಲಿ ನಿಂತು ಕೆಳಗಿನ ಕಣಿವೆಯೇ ಕಾಣದ ದಿನಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದ ಕೊಡಗಿಗೆ ಫೈಬರೇ ಗತಿ.

ಇಂಥ ಹೆಣೆದ ಕಣಗಳನ್ನು ಎಲ್ಲಿ, ಹೇಗೆ ಮಾಡ್ತಾರೆ? ನಮ್ಮ ದೇಶದಲ್ಲೂ ಆಗುತ್ತಾ?

ಸಕ್ಕರೆ ಹರಳಿನ ಹಾಗೆ ಕಾಣುವ ಒಂದು ವಿಶೇಷ ಹರಳಿಗೆ ಲೇಸರ್ ಬಿಡುತ್ತಾರೆ. ಕೋಟಿಗಟ್ಟಲೆ ಫೋಟಾನುಗಳು ಸುಮ್ನೆ ಆಚೆ ಹೋಗುತ್ತವೆ. ಅಪರೂಪಕ್ಕೆ ಒಂದು ಎರಡಾಗಿ ಒಡೆಯುತ್ತದೆ. 405 ನ್ಯಾನೋಮೀಟರಿನ ನೇರಳೆ ಬೆಳಕಿನ ಒಂದು ಫೋಟಾನ್ ಹೋಗಿ 810 ನ್ಯಾನೋಮೀಟರಿನ ಎರಡು ಬರುತ್ತವೆ. ಆ ಎರಡು ಹೆಣೆದುಕೊಂಡಿರುತ್ತವೆ. ಫೈಬರಿನಲ್ಲಿ ದೂರ ಹೋಗಲು 1550ರ ಆಸುಪಾಸಿನ ಬೆಳಕು ಒಳ್ಳೆಯದು. ಎರಡು ಜೋಡಿಗಳನ್ನು ಹದವಾಗಿ ಬೆರೆಸಿ ಮೂರು ಫೋಟಾನಿನ ಜಿಎಚ್‌ಜೆಡ್ ಪಡೆದದ್ದು 1999ರಲ್ಲಿ ವರದಿಯಾಯಿತು. 2021ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನವರು ವಜ್ರದೊಳಗಿನ ಕ್ಯುಬಿಟ್‌ಗಳನ್ನು ಬಳಸಿ ಮೂರು ಠಾಣೆಗಳ ಜಾಲ ಕಟ್ಟಿ, ಮೂರರ ನಡುವೆಯೂ ಜಿಎಚ್‌ಜೆಡ್ ಹಂಚಿ ತೋರಿಸಿದರು.

ನಮ್ಮಲ್ಲೂ ಕೆಲಸ ಚುರುಕಾಗಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹೆಣೆದ ಫೋಟಾನುಗಳ ಮೇಲೆ ಪ್ರಯೋಗಗಳು ನಡೆಯುತ್ತಿವೆ. ಇಸ್ರೋ 2021ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ 300 ಮೀಟರ್ ಬಯಲಿನಲ್ಲಿ ಕ್ವಾಂಟಮ್ ಕೀಲಿ ಕಳಿಸಿ ತೋರಿಸಿತು. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6003.65 ಕೋಟಿ ರೂಪಾಯಿ ಇಟ್ಟಿದ್ದಾರೆ. 2000 ಕಿಲೋಮೀಟರ್ ದೂರಕ್ಕೆ ಉಪಗ್ರಹದ ಮೂಲಕ ಭದ್ರ ಸಂಪರ್ಕ ಎಂಬುದು ಅದರ ಗುರಿಗಳಲ್ಲೊಂದು.

ಅಕ್ಕಾ, ತೋಟದ ಪತ್ರಗಳನ್ನು ಈಗಲೇ ಕ್ವಾಂಟಮ್ ಬೀಗದಲ್ಲಿ ಇಡಬಹುದಾ? ಒಬ್ಬರು ಬಂದು ಮಾರ್ತಾ ಇದ್ರು.

ಬೇಡ. ದಯವಿಟ್ಟು ದುಡ್ಡು ಕೊಡಬೇಡಿ. ಮನೆಯಲ್ಲಿಡುವ ಕ್ವಾಂಟಮ್ ಬೀಗ ಎಂಬುದು ಇವತ್ತು ಇಲ್ಲ. ಕ್ವಾಂಟಮ್ ಲಾಕೆಟ್, ಕ್ವಾಂಟಮ್ ನೀರಿನ ಬಾಟಲಿಗೂ ನಾನು ಪಾಠ ಮಾಡುವ ವಿಷಯಕ್ಕೂ ಸಂಬಂಧವಿಲ್ಲ. ನಮ್ಮ ಮನೆಯ ಹಿರಿಯರೊಬ್ಬರು ಅಂಥದ್ದೊಂದು ಲಾಕೆಟ್‌ಗೆ ಮೂರು ತಿಂಗಳ ಪಿಂಚಣಿ ಸುರಿದರು. ನನಗೆ ತಿಳಿಯುವಷ್ಟರಲ್ಲಿ ಮಾರಿದವರು ಊರು ಬಿಟ್ಟಾಗಿತ್ತು. ಆ ಸಂಕಟ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಪಾಸ್‌ವರ್ಡನ್ನು ಮನೆಯವರ ನಡುವೆ ಹಂಚಿಡಬೇಕಾದರೆ 1979ರ ಶಮಿರ್ ವಿಧಾನ ಧಾರಾಳ ಸಾಕು.

## ಇನ್ನೂ ಆಳಕ್ಕೆ

ಕದ್ದು ಕೇಳೋರು ಹೊರಗಿನವರೇ ಆಗಬೇಕಾ? ಪೊನ್ನಪ್ಪನೇ ಕಳ್ಳನಾದರೆ?

ಇದು ಹೊರಗಿನ ಕಳ್ಳನಿಗಿಂತ ಕಷ್ಟದ ಪ್ರಶ್ನೆ. ಪೊನ್ನಪ್ಪ ಬೋಪಣ್ಣನ ಕಣವನ್ನು ದಾರಿಯಲ್ಲೇ ಹಿಡಿದು, ಬದಲಿಗೆ ತಾನು ಮಾಡಿದ ಕಣವನ್ನು ಕಳಿಸಬಹುದು. ಪರೀಕ್ಷೆಯ ಸುತ್ತಿನಲ್ಲಿ ಬೋಪಣ್ಣ ತಾನು ಏನು ಅಳೆದೆ, ಏನು ಬಂತು ಎಂದು ಮೊದಲು ಹೇಳಿಬಿಟ್ಟರೆ ಪೊನ್ನಪ್ಪ ಅದಕ್ಕೆ ತಕ್ಕಂತೆ ಸುಳ್ಳು ಹೊಂದಿಸುತ್ತಾನೆ. ಹಾಗಾಗಿ ಯಾರು ಯಾವಾಗ ಏನು ಹೇಳಬೇಕು ಎಂಬ ಸರದಿಯೇ ಇಲ್ಲಿ ಕಾವಲು. 1999ರಲ್ಲೇ ಕಾರ್ಲ್‌ಸನ್, ಕೊವಾಶಿ ಮತ್ತು ಇಮೊಟೊ ಇದನ್ನು ಚರ್ಚಿಸಿದ್ದರು. ಯಾವ ಸುತ್ತು ಪರೀಕ್ಷೆಗೆ ಎಂಬುದು ಎಲ್ಲರೂ ಅಳೆದು ಮುಗಿಸುವವರೆಗೆ ಗೊತ್ತಾಗಬಾರದು. ಮೊದಲು ಬಾಯಿ ಬಿಡುವವರು ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿರಬೇಕು.

ಡಬ್ಲ್ಯೂ ಸ್ಥಿತಿ ಅಂತ ಇನ್ನೊಂದು ಓದಿದೆ. ಅದು ಜಿಎಚ್‌ಜೆಡ್‌ಗಿಂತ ಗಟ್ಟಿ ಅಂತಾರೆ, ಹೌದಾ?

ಒಂದು ವಿಷಯದಲ್ಲಿ ಗಟ್ಟಿ. 001 + 010 + 100 ಎಂಬುದು ಡಬ್ಲ್ಯೂ ಸ್ಥಿತಿ. ಅದರಲ್ಲಿ ಒಂದು ಕಣ ಕಳೆದರೂ ಉಳಿದೆರಡರ ನಡುವೆ ಸ್ವಲ್ಪ ಹೆಣಿಗೆ ಉಳಿಯುತ್ತದೆ. ಡ್ಯೂರ್, ವಿಡಾಲ್ ಮತ್ತು ಸಿರಾಕ್ 2000ದಲ್ಲಿ ತೋರಿಸಿದ್ದೇನೆಂದರೆ, ದೂರ ದೂರ ಕೂತವರು ತಮ್ಮ ತಮ್ಮ ಕಣದ ಮೇಲೆ ಏನೇ ಮಾಡಿದರೂ, ಎಷ್ಟೇ ಫೋನ್ ಮಾಡಿದರೂ ಒಂದು ಬಗೆ ಇನ್ನೊಂದಾಗುವುದಿಲ್ಲ. ಗುಟ್ಟು ಹಂಚಲು ನನ್ನ ಮತ ಜಿಎಚ್‌ಜೆಡ್‌ಗೇ.

ಮೂವರಲ್ಲಿ ಯಾರಾದರೂ ಇಬ್ಬರು ಸಾಕು ಅನ್ನೋ ಬೀಗ, ಒಂದು ಚೂರೂ ಸೋರದ ಹಾಗೆ, ಕ್ವಾಂಟಮ್‌ನಲ್ಲಿ ಇದೆಯಾ?

ಇದೆ, ಕ್ಲೀವ್, ಗಾಟ್ಸ್‌ಮನ್, ಲೋ ಕೊಟ್ಟದ್ದು. 0, 1 ಸಾಲದು, 0, 1, 2 ಬೇಕು. ಇಂಥ ಕಣಕ್ಕೆ ಕ್ಯೂಟ್ರಿಟ್ ಎನ್ನುತ್ತಾರೆ. ಗುಟ್ಟು 0 ಇದ್ದರೆ 000 + 111 + 222 ಎಂದು ಹೆಣೆಯಿರಿ. 1 ಇದ್ದರೆ 012 + 120 + 201. 2 ಇದ್ದರೆ 021 + 102 + 210. ಗುಟ್ಟು ಇವುಗಳ ಬೆರಕೆಯಾಗಿದ್ದರೆ ಹೆಣಿಗೆಯೂ ಅದೇ ಪಾಲಿನ ಬೆರಕೆ.

ನಾನು ಇದನ್ನು ಮೂರು ಲೋಟ ಮತ್ತು ಒಂದು ಹಿಡಿ ಕಾಫಿ ಬೀಜದಲ್ಲಿ ತೋರಿಸುತ್ತೇನೆ. ಗುಟ್ಟು 1, ಸಾಲು 120 ಎನ್ನೋಣ. ಮೊದಲ ಲೋಟದಲ್ಲಿ ಒಂದು ಬೀಜ, ಎರಡನೆಯದರಲ್ಲಿ ಎರಡು, ಮೂರನೆಯದು ಖಾಲಿ. ಮೂರನೆಯದನ್ನು ಮುಟ್ಟಬೇಡಿ. ಮೊದಲ ಲೋಟದಲ್ಲಿ ಎಷ್ಟಿದೆಯೋ ಅಷ್ಟು ಬೀಜವನ್ನು ಹಿಡಿಯಿಂದ ತೆಗೆದು ಎರಡನೆಯದಕ್ಕೆ ಹಾಕಿ. ಮೂರಾಯಿತು. ಮೂರಾದ ಕೂಡಲೇ ಮೂರನ್ನೂ ತೆಗೆಯುವುದು ನಿಯಮ, ಹಾಗಾಗಿ ಸೊನ್ನೆ. ಈಗ ಎರಡನೆಯದರಲ್ಲಿರುವಷ್ಟನ್ನು ಮೊದಲನೆಯದಕ್ಕೆ ಸೇರಿಸಿ. ಸೊನ್ನೆ ಸೇರಿದರೆ ಅದು ಒಂದೇ. ಮೊದಲ ಲೋಟದಲ್ಲಿ 1, ಅದೇ ಗುಟ್ಟು. 012, 201 ಇಟ್ಟು ಮಾಡಿ, ಆಗಲೂ 1 ಬರುತ್ತದೆ.

ಬೀಜ ತೋರಿಸುವುದು ಲೆಕ್ಕವನ್ನಷ್ಟೇ. ನಿಜವಾದ ಕ್ಯೂಟ್ರಿಟ್‌ಗಳಲ್ಲಿ ಮೂರೂ ಸಾಲುಗಳು ಒಟ್ಟಿಗೆ ಬೆರೆತಿರುತ್ತವೆ, ಎಣಿಸಿ ನೋಡದೆ ಈ ಕೂಡಿಕೆ ಮಾಡಬೇಕು. ಮಾಡಿದ ಮೇಲೆ ಉಳಿದೆರಡು ಲೋಟಗಳಲ್ಲಿ ಇರುವುದು ಗುಟ್ಟು ಏನೇ ಇರಲಿ ಒಂದೇ: 00 + 12 + 21. ಅಂದರೆ ಗುಟ್ಟಿನ ಗುರುತು ಅಲ್ಲಿ ಸ್ವಲ್ಪವೂ ಉಳಿದಿಲ್ಲ. ಒಬ್ಬರೇ ತಮ್ಮ ಲೋಟ ನೋಡಿದರೆ 0, 1, 2 ಸಮಪಾಲಿನಲ್ಲಿ ಬರುತ್ತವೆ, ಸುಳಿವೇ ಸಿಗದು.

ಹಾಗಾದ್ರೆ ನಾಲ್ವರಲ್ಲಿ ಇಬ್ಬರು ಸಾಕು ಅಂತಾನೂ ಮಾಡಬಹುದಲ್ಲ?

ಶಮಿರ್ ವಿಧಾನದಲ್ಲಿ ಮಾಡಬಹುದು, ಕ್ವಾಂಟಮ್‌ನಲ್ಲಿ ಆಗದು. ನಾಲ್ವರು ಇಬ್ಬಿಬ್ಬರಾಗಿ ಎರಡು ಕೋಣೆಗೆ ಹೋದರು ಎನ್ನಿ. ಎರಡೂ ಕೋಣೆಯಲ್ಲಿ ಗುಟ್ಟು ಹೊರಬಂದರೆ ಒಂದು ಕ್ಯುಬಿಟ್‌ಗೆ ಎರಡು ಪ್ರತಿ ಆದ ಹಾಗೆ. ನಕಲು ನಿಷಿದ್ಧ. ಆದ್ದರಿಂದ ಸೇರಬೇಕಾದವರು ಯಾವಾಗಲೂ ಅರ್ಧಕ್ಕಿಂತ ಜಾಸ್ತಿ ಇರಲೇಬೇಕು. ಐವರಲ್ಲಿ ಮೂವರು ಆಗಬಹುದು. ಕ್ವಾಂಟಮ್ ಕಂಪ್ಯೂಟರಿನ ತಪ್ಪು ತಿದ್ದಲು ಬಳಸುವ ಐದು ಕ್ಯುಬಿಟ್‌ನ ಹೆಣಿಗೆ ನೇರವಾಗಿ ಈ ಕೆಲಸ ಮಾಡುತ್ತದೆ. ಇಬ್ಬರ ಪಾಲು ಕಳೆದರೂ ತಿದ್ದಿಕೊಳ್ಳಬಲ್ಲದು ಎಂದರೆ, ಆ ಇಬ್ಬರಿಗೆ ಗುಟ್ಟು ತಿಳಿಯದು ಎಂದೇ ಅರ್ಥ. ತಪ್ಪು ತಿದ್ದುವುದು, ಗುಟ್ಟು ಕಾಯುವುದು ಎರಡೂ ಒಂದೇ ಲೆಕ್ಕ ಎಂದು ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಮೇಡಂ, ಒಂದನೇ ಮತ್ತು ಮೂರನೇ ಲೋಟ ಇಟ್ಟುಕೊಂಡು ಮಾಡಿದೆ. ಗುಟ್ಟು 1 ಇದ್ದಾಗ 2 ಬಂತು, 2 ಇದ್ದಾಗ 1 ಬಂತು. ವಿಧಾನವೇ ತಪ್ಪಾ?

ಪೊನ್ನಂಪೇಟೆಯ ಪಿಯುಸಿ ಹುಡುಗಿಯೊಬ್ಬಳು ಇದನ್ನು ಕಾಗದದಲ್ಲಿ ಬರೆದಿದ್ದಳು. ನೋಟ್‌ಬುಕ್ಕಿನ ಹಾಳೆ, ಒಂಬತ್ತು ಸಾಲುಗಳನ್ನೂ ಪೆನ್ಸಿಲಿನಲ್ಲಿ ಬಿಡಿಸಿದ್ದಳು, ಒಂದೂ ತಪ್ಪಿರಲಿಲ್ಲ. ಆಮೇಲೆ ಇನ್ನೂ ಕೆಲವರು ಇದನ್ನೇ ಕೇಳಿದರು. ವಿಧಾನ ಸರಿ ಇದೆ. ಲೋಟಗಳನ್ನು ಸಾಲಾಗಿ ಇಡದೆ ದುಂಡಗೆ ಇಟ್ಟು ನೋಡಿ. ಒಂದರ ನಂತರ ಎರಡು, ಎರಡರ ನಂತರ ಮೂರು, ಮೂರರ ನಂತರ ಮತ್ತೆ ಒಂದು. ಒಂದು ಮತ್ತು ಮೂರರ ಜೋಡಿಯಲ್ಲಿ ಮೂರನೆಯದೇ ‘ಮೊದಲ ಲೋಟ’. ಅದರಲ್ಲಿರುವಷ್ಟನ್ನು ಒಂದನೆಯದಕ್ಕೆ ಸೇರಿಸಿ, ಆಮೇಲೆ ಒಂದನೆಯದರಲ್ಲಿರುವಷ್ಟನ್ನು ಮೂರನೆಯದಕ್ಕೆ. 120ರಲ್ಲಿ ಮೂರನೆಯದು 0, ಒಂದನೆಯದು 1. ಸೇರಿಸಿದರೆ ಒಂದನೆಯದು 1 ಆಗಿಯೇ ಉಳಿಯುತ್ತದೆ, ಆಮೇಲೆ ಮೂರನೆಯದು 1 ಆಗುತ್ತದೆ. ಗುಟ್ಟು ಸಿಕ್ಕಿತು. ಅವಳು ತಲೆಕೆಳಗಾದ ದಿಕ್ಕಿನಲ್ಲಿ ಹೋಗಿದ್ದಳು, ಅಷ್ಟೇ. ಹಾಗೆ ಹೋದಾಗಲೂ ಗುಟ್ಟು ಕಳೆದುಹೋಗಿಲ್ಲ, 1 ಮತ್ತು 2 ಅದಲುಬದಲಾಗಿವೆ ಎಂದು ಅವಳ ಹಾಳೆಯೇ ತೋರಿಸುತ್ತಿತ್ತು.